ದಾಖಲೆ ಬರೆಯುವವನು ಆಜ್ಞೆ ಪಾಲಿಸಿದಾಗ

ಕೊಡಗಿನ ಉತ್ತರದ ಅಂಚಿನಲ್ಲಿ, ಹಾಸನದ ಸೀಮೆಗೆ ತಾಗಿದಂತೆ ಇರುವ ಕೊಡ್ಲಿಪೇಟೆಯ ಆಸುಪಾಸಿನ ಕಾಫಿ ತೋಟಗಳಲ್ಲಿ ‘ರೈಟರ್’ ಎನಿಸಿಕೊಂಡ ಗುಮಾಸ್ತನ ಕೆಲಸ ಬಹುಮಟ್ಟಿಗೆ ಬರೆಯುವುದೇ: ಇಂದು ಎಷ್ಟು ಆಳು ಬಂದರು, ಎಷ್ಟು ಹಣ್ಣು ಕೊಯ್ದರು, ಮಳೆ ಎಷ್ಟು ಇಂಚು ಎಷ್ಟು ಸೆಂಟು, ಗೇಟಿಗೆ ಬಂದವರು ಯಾರು. ಗಣಕಯಂತ್ರಗಳ ಲೋಕದಲ್ಲಿಯೂ ಇಂಥದೊಬ್ಬ ರೈಟರ್ ಉಂಟು. ತಂತ್ರಾಂಶವು ನಡೆಯುತ್ತಿರುವಾಗ ಯಾರು ಒಳಬಂದರು, ಏನೆಂದು ಹೆಸರು ಕೊಟ್ಟರು, ಎಲ್ಲಿ ಎಡವಟ್ಟಾಯಿತು ಎಂಬುದನ್ನೆಲ್ಲ ಕ್ಷಣಕ್ಷಣಕ್ಕೂ ಸಾಲುಸಾಲಾಗಿ ದಾಖಲಿಸತಕ್ಕ ಆ ಕಾರ್ಯಕ್ಕೆ ಲಾಗಿಂಗ್ ಎಂದು ಹೆಸರು. ಜಾವಾ ಭಾಷೆಯಲ್ಲಿ ತಂತ್ರಾಂಶ ರಚಿಸುವವರು ಇದನ್ನು ಪ್ರತಿಸಲವೂ ಹೊಸದಾಗಿ ಬರೆಯುವ ಗೋಜಿಗೆ ಹೋಗದೆ, ಅಪಾಚೆ ಪ್ರತಿಷ್ಠಾನದ ಆಶ್ರಯದಲ್ಲಿ ಸ್ವಯಂಸೇವಕರ ದುಡಿಮೆಯಿಂದ ಬೆಳೆದು ಉಚಿತವಾಗಿ ದೊರೆಯುವ ಲಾಗ್‌ಫೋರ್‌ಜೆ ಎಂಬ ಲೈಬ್ರರಿಯನ್ನು ಜೋಡಿಸಿಕೊಳ್ಳುವುದು ಸಾಮಾನ್ಯ.

ಬರೆಯುವವನು ಬರೆಯುವಷ್ಟಕ್ಕೆ ನಿಂತಿದ್ದರೆ ಈ ಲೇಖನಕ್ಕೆ ಕಾರಣವೇ ಇರುತ್ತಿರಲಿಲ್ಲ. ದಾಖಲಿಸಬೇಕಾದ ಸಾಲಿನಲ್ಲಿ ಡಾಲರ್ ಚಿಹ್ನೆಯೂ ಅದರ ಬೆನ್ನಿಗೆ ಪುಷ್ಪಾವರಣವೂ ಕಂಡುಬಂದರೆ, ಒಳಗಿನ ಬರೆಹವನ್ನು ಇದ್ದಂತೆಯೇ ಬರೆಯದೆ ಅದು ಸೂಚಿಸುವ ಮೌಲ್ಯವನ್ನು ಹುಡುಕಿ ತಂದು ಬರೆಯುವ ಪದ್ಧತಿ ಈ ಲೈಬ್ರರಿಯಲ್ಲಿತ್ತು. 2013ರಲ್ಲಿ, ಬಳಕೆದಾರರೊಬ್ಬರ ಕೋರಿಕೆಯ ಮೇರೆಗೆ, ಆವರಣದೊಳಗೆ ‘ಜೆ, ಎನ್, ಡಿ, ಐ’ ಎಂಬ ನಾಲ್ಕಕ್ಷರಗಳಿದ್ದಲ್ಲಿ ಆ ಹುಡುಕಾಟವು ಯಂತ್ರವನ್ನು ದಾಟಿ ಜಾಲದಲ್ಲಿರುವ ಬೇರೊಂದು ಸರ್ವರಿನವರೆಗೂ ಹೋಗಬಹುದೆಂಬ ಸೌಕರ್ಯವನ್ನು ಸೇರಿಸಲಾಯಿತು. ಆ ಸರ್ವರಿನ ವಿಳಾಸವನ್ನು ಕೊಟ್ಟವನು ದುರುಳನಾಗಿದ್ದರೆ ಅಲ್ಲಿಂದ ಬರುವುದು ಮೌಲ್ಯವಲ್ಲ, ಒಳಬಂದೊಡನೆ ತಾನೇ ಚಾಲನೆಗೊಳ್ಳುವ ಪ್ರೋಗ್ರಾಂ. ಗೇಟಿನ ಪುಸ್ತಕದಲ್ಲಿ ಹೆಸರು ಬರೆಸುವ ಬದಲು ಯಾವನೋ ಒಬ್ಬ “ಶನಿವಾರಸಂತೆಯ ಇಂಥ ಅಂಗಡಿಯಲ್ಲಿ ಚೀಟಿಯೊಂದಿದೆ, ತಂದು ಅದರಲ್ಲಿದ್ದಂತೆ ಮಾಡು” ಎಂದು ಹೇಳಲು, ನಮ್ಮ ರೈಟರು ಪೆನ್ನು ಕೆಳಗಿಟ್ಟು, ಹೋಗಿ ಚೀಟಿ ತಂದು, ಉಗ್ರಾಣದ ಬೀಗವನ್ನು ತೆಗೆದುಕೊಟ್ಟಂತಾಯಿತು.

ಇದಕ್ಕೆ ಗುಪ್ತಪದವೂ ಬೇಡ, ಪರಿಚಯವೂ ಬೇಡ. ಮೈನ್‌ಕ್ರಾಫ್ಟ್ ಎಂಬ ಆಟದಲ್ಲಿ ಆಟಗಾರರು ಪರಸ್ಪರ ಮಾತನಾಡುವ ಚಾಟ್ ಪೆಟ್ಟಿಗೆಯಲ್ಲಿ ಒಂದೇ ಒಂದು ಸಾಲು ಬರೆದರೆ ಸಾಕಾಗುತ್ತಿತ್ತು. ತಮ್ಮ ಐಫೋನಿನ ಹೆಸರನ್ನೇ ಅಂಥ ಸಾಲಿಗೆ ಬದಲಿಸಿ ನೋಡಿದ ಸಂಶೋಧಕರಿಗೆ, ಆಪಲ್ ಕಂಪೆನಿಯ ಸರ್ವರು ತಾವು ಸೂಚಿಸಿದ ವಿಳಾಸವನ್ನು ಹುಡುಕಿಕೊಂಡು ಬಂದುದು ಕಾಣಿಸಿತು.

ಅಲಿಬಾಬಾ ಕ್ಲೌಡ್ ಸಂಸ್ಥೆಯ ಚೆನ್ ಝಾವೋಜುನ್ ಈ ದೋಷವನ್ನು ಕಂಡುಹಿಡಿದು ಅಪಾಚೆಯವರಿಗೆ ಗುಟ್ಟಾಗಿ ತಿಳಿಸಿದ್ದು 2021ರ ನವೆಂಬರ್ 24ರಂದು. ಅದು ಜಗಜ್ಜಾಹೀರಾದದ್ದು ಡಿಸೆಂಬರ್ 9ರಂದು. ಆದರೆ ಡಿಸೆಂಬರ್ 1ರಷ್ಟು ಹಿಂದೆಯೇ ದಾಳಿಯ ಕುರುಹುಗಳಿದ್ದುವೆಂದು ಕ್ಲೌಡ್‌ಫ್ಲೇರ್ ಕಂಪೆನಿಯವರು ತಮ್ಮ ದಾಖಲೆಗಳಲ್ಲಿ ಅನಂತರ ಕಂಡುಕೊಂಡರು. ಗಾಂಭೀರ್ಯದ ಮಾಪನದಲ್ಲಿ ಇದಕ್ಕೆ ಹತ್ತಕ್ಕೆ ಹತ್ತು ಅಂಕಗಳು ದೊರೆತುವು. ಇಲ್ಲಿಯ ತ್ವರೆಯ ಮರ್ಮ ಒಂದುಂಟು, ಅದನ್ನು ಗಮನಿಸಬೇಕು: ಮುಕ್ತ ತಂತ್ರಾಂಶದಲ್ಲಿ ದುರಸ್ತಿಯ ಪ್ರತಿಯೊಂದು ಅಕ್ಷರವೂ ಬಹಿರಂಗವಾಗಿಯೇ ನಡೆಯತಕ್ಕದ್ದಾದುದರಿಂದ, ಏನನ್ನು ತಿದ್ದಿದರೆಂಬುದನ್ನು ನೋಡಿದವನಿಗೆ ಏನು ಕೆಟ್ಟಿತ್ತೆಂಬುದೂ ತಿಳಿದುಹೋಗುತ್ತದೆ. ಔಷಧವನ್ನು ಹಂಚುವ ಗಳಿಗೆಯಿಂದಲೇ ರೋಗವೂ ವೇಗವಾಗಿ ಹರಡತೊಡಗುವ ಈ ವೈಚಿತ್ರ್ಯದಿಂದಾಗಿ, ತಿದ್ದುಪಡಿಯನ್ನು ನಾಳೆ ಹಾಕಿಕೊಂಡರಾಯಿತೆಂದು ಕುಳಿತವನ ಅಪಾಯ, ತಿದ್ದುಪಡಿಯೇ ಹೊರಡದಿದ್ದಾಗಿನದಕ್ಕಿಂತ ಹೆಚ್ಚಿನದು.

ತ್ವರೆಗೆ ತೆರಬೇಕಾದ ಬೆಲೆಯೂ ಇತ್ತು. ಡಿಸೆಂಬರ್ 10ರ ಶುಕ್ರವಾರ ಲೋಕದ ಕೈಗೆ ಬಂದ 2.15.0 ಆವೃತ್ತಿಯು ಆ ಸೌಕರ್ಯವನ್ನು ಕಟ್ಟಿಹಾಕಿತೇ ಹೊರತು ಕಿತ್ತುಹಾಕಲಿಲ್ಲ. ಕೆಲವು ವಿಶೇಷ ಸನ್ನಿವೇಶಗಳಲ್ಲಿ ಕಟ್ಟು ಬಿಚ್ಚಿಕೊಳ್ಳುವುದೆಂದು ತಿಳಿದು, 13ರಂದು 2.16.0 ಬಂದಿತು, ಅದರಲ್ಲಿ ತನ್ನನ್ನೇ ತಾನು ಹುಡುಕುತ್ತ ಕೊನೆಯಿಲ್ಲದೆ ಸುತ್ತುವ ದೋಷ ಕಂಡು 2.17.0, ತಿಂಗಳು ಮುಗಿಯುವುದರೊಳಗಾಗಿ 2.17.1. ನಾಲ್ಕು ಸಲ ತೇಪೆ ಹಾಕಿದರೆಂದು ನಕ್ಕವರುಂಟು. ಪಾಲಕರಲ್ಲೊಬ್ಬರಾದ ರಾಲ್ಫ್ ಗೋಯರ್ಸ್ ಬೇರೆಡೆ ಪೂರ್ಣಕಾಲದ ಉದ್ಯೋಗದಲ್ಲಿದ್ದು ಬಿಡುವಿನ ವೇಳೆಯಲ್ಲಿ ಈ ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದವರೆಂಬುದನ್ನು ಬಲ್ಲವನಿಗೆ ನಗು ಬರಲಾರದು. ಆ ಸೌಕರ್ಯವನ್ನು ಮೊದಲ ದಿನವೇ ತೆಗೆದುಹಾಕಬೇಕಿತ್ತೆಂದು ಈಗ ಹೇಳುವುದು ಸುಲಭ. ಅದನ್ನು ನಂಬಿ ನಡೆಯುತ್ತಿದ್ದ ವ್ಯವಸ್ಥೆಗಳು ಎಲ್ಲೆಲ್ಲಿದ್ದುವೋ, ಬಲ್ಲವರಾರು?

ತಿದ್ದುವುದಕ್ಕಿಂತಲೂ ಕಠಿನವಾದದ್ದು ಎಲ್ಲಿ ತಿದ್ದಬೇಕೆಂಬುದನ್ನು ಅರಿಯುವುದು. ಆ ಡಿಸೆಂಬರಿನಲ್ಲಿ ಗೂಗಲ್ ಕಂಪೆನಿಯವರು ಲೆಕ್ಕ ಹಾಕಲಾಗಿ, ಜಾವಾದ ಪ್ರಧಾನ ಭಂಡಾರದಲ್ಲಿ 35,000ಕ್ಕೂ ಮಿಕ್ಕಿದ ಪ್ಯಾಕೇಜುಗಳು ದೋಷಪೀಡಿತವಾಗಿದ್ದುವು. ಅವುಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚಿನವು ಲಾಗ್‌ಫೋರ್‌ಜೆಯನ್ನು ನೇರವಾಗಿ ಕರೆಯದೆ, ತಾವು ಕರೆದುಕೊಂಡ ಇನ್ನೊಂದರ ಮೂಲಕ, ಅದು ಕರೆದುಕೊಂಡ ಮತ್ತೊಂದರ ಮೂಲಕ ಒಳಗೆ ಹೊತ್ತಿದ್ದುವು. ಕೊಡ್ಲಿಪೇಟೆಯ ಕಡೆ ಅರೇಬಿಕಾ ಕೊಯ್ಲು ನಡೆಯುವ ಕಾಲ ಅದು. ಕೊರೊನಾ ನಿಮಿತ್ತ ಬೆಂಗಳೂರಿನ ಕಂಪೆನಿಗಳ ಕೆಲಸವನ್ನು ಊರ ಮನೆಗಳಿಂದಲೇ ಮಾಡುತ್ತಿದ್ದ ಮಲೆನಾಡಿನ ಮಕ್ಕಳಲ್ಲಿ ಎಷ್ಟೋ ಮಂದಿಗೆ, ಹಿರಿಯರು ಕಣದಲ್ಲಿ ಕಾಫಿ ಹರಡುತ್ತಿರಲು, ಆ ಶನಿವಾರ ಭಾನುವಾರಗಳು ನೆಟ್‌ವರ್ಕ್ ಸಿಗುವ ಮೂಲೆಯಲ್ಲಿ ಇಂಥ ಪಟ್ಟಿಗಳನ್ನು ಜಾಲಾಡುವುದರಲ್ಲಿಯೇ ಕಳೆದಿರಬೇಕು.

ದಾಖಲೆ ಬರೆಯುವುದನ್ನೇ ನಿಲ್ಲಿಸಿಬಿಡೋಣವೆನ್ನುವಂತೆಯೂ ಇಲ್ಲ. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನಗಳ ಕಾಲ ಕಾಪಿಡತಕ್ಕದ್ದು. ಅದೇ ವರ್ಷದ ಜುಲೈನಲ್ಲಿ ಅಮೆರಿಕದ ಸೈಬರ್ ಸುರಕ್ಷತಾ ಪರಿಶೀಲನಾ ಮಂಡಳಿಯು, ಈ ದೋಷವುಳ್ಳ ಪ್ರತಿಗಳು ಇನ್ನೂ ಹತ್ತು ವರ್ಷ, ಪ್ರಾಯಶಃ ಅದಕ್ಕೂ ಹೆಚ್ಚುಕಾಲ ಅಲ್ಲಲ್ಲಿ ಉಳಿದಿರುವುವೆಂದು ಅಭಿಪ್ರಾಯಪಟ್ಟಿತು. ಹಾಗೆ ಉಳಿಯುವುದು ದೊಡ್ಡ ಕಂಪೆನಿಗಳಲ್ಲಿ ಅಲ್ಲವೆಂಬುದು ನನ್ನ ಎಣಿಕೆ. ತಂತ್ರಾಂಶವನ್ನು ಒಮ್ಮೆ ಹಾಕಿಸಿ ಮರೆತ ಸಣ್ಣ ಆಸ್ಪತ್ರೆ, ಸಹಕಾರ ಸಂಘ, ಕಾಲೇಜುಗಳಲ್ಲಿ. ಅಂಥ ಕಡೆ ಕಂಪ್ಯೂಟರಿನ ಹೊಣೆ ಹೊತ್ತವರು ಅದನ್ನು ಒದಗಿಸಿದವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಒಳಗಿರುವ ಲಾಗ್‌ಫೋರ್‌ಜೆ 2.17.1 ಅಥವಾ ಅದಕ್ಕೂ ಹೊಸದೆ? “ನಮ್ಮದು ಹಳೆಯ ಒಂದನೆಯ ಸರಣಿ, ಅದರಲ್ಲಿ ಈ ದೋಷವಿಲ್ಲ” ಎಂಬ ಉತ್ತರ ಬಂದರೆ ಸಮಾಧಾನಪಡಬೇಕಾಗಿಲ್ಲ. ಆ ಸರಣಿಯನ್ನು ತಿದ್ದುವವರೇ 2015ರ ಆಗಸ್ಟ್‌ನಿಂದ ಇಲ್ಲ.