ಅಪ್‌ಡೇಟ್ ಆದ ಮೇಲೆ ಏಳದ ಕಂಪ್ಯೂಟರನ್ನು ಮತ್ತೆ ನಡೆಸುವ ಬಗೆ



ಈಚೆಗೆ ಹಾಲಿನ ಸಂಘ, ಸಹಕಾರ ಸಂಘ, ಗೊಬ್ಬರದ ಅಂಗಡಿ, ಓದುವ ಮಕ್ಕಳಿರುವ ಮನೆ ಎಲ್ಲೆಡೆಯೂ ಕಂಪ್ಯೂಟರ್ ಬಂದಿದೆ. ಖರ್ಚು ಕಡಿಮೆಯಾಗಲೆಂದು ಬಹುಮಂದಿ ಪಟ್ಟಣದಲ್ಲಿ ಬಿಡಿಭಾಗಗಳನ್ನು ಜೋಡಿಸಿ ಕೊಡುವ ‘ಅಸೆಂಬಲ್ಡ್’ ಯಂತ್ರವನ್ನೇ ತರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಸಂಜೆ ಚೆನ್ನಾಗಿದ್ದ ಯಂತ್ರವು ರಾತ್ರಿ ಅಪ್‌ಡೇಟ್ ಆಗಿ ಬೆಳಿಗ್ಗೆ ಏಳದಿದ್ದರೆ, ಗಾಬರಿಯಿಂದ “ಫಾರ್ಮ್ಯಾಟ್ ಮಾಡಿಬಿಡಿ” ಎನ್ನುವುದುಂಟು. ಫಾರ್ಮ್ಯಾಟ್ ಎಂದರೆ ಡಿಸ್ಕಿನ ಬರಹವನ್ನು ಒರೆಸಿಹಾಕುವುದು. ಯಂತ್ರವೇನೋ ನಡೆಯುತ್ತದೆ, ವರ್ಷಗಳ ಹಾಲಿನ ಲೆಕ್ಕ ಹೋಗಿಬಿಡುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ.

ಕೆಡುವುದೇಕೆ?

ಕಂಪನಿಯ ಯಂತ್ರದಲ್ಲಿ ಎಲ್ಲ ಭಾಗಗಳನ್ನೂ ಒಟ್ಟಿಗೆ ಪರೀಕ್ಷಿಸಿರುತ್ತಾರೆ. ಅಸೆಂಬಲ್ಡ್ ಯಂತ್ರವು ಒಂದೂರಿನ ಚಕ್ರ, ಇನ್ನೊಂದೂರಿನ ಅಚ್ಚು ಕೂಡಿಸಿದ ಗಾಡಿಯಂತೆ. ಪ್ರತಿಯೊಂದು ಭಾಗವನ್ನು ನಡೆಸಲು ‘ಡ್ರೈವರ್’ ಎಂಬ ಸಣ್ಣ ಕ್ರಮವಿಧಿ ಬೇಕು. ಹೊಸ ಅಪ್‌ಡೇಟಿಗೂ ಹಳೆಯ ಡ್ರೈವರಿಗೂ ಹೊಂದದಿದ್ದರೆ, ಅಥವಾ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ, ಯಂತ್ರ ನಿಲ್ಲುತ್ತದೆ. ಸಾಮಾನ್ಯವಾಗಿ ಭಾಗಗಳೂ ಲೆಕ್ಕಪತ್ರಗಳೂ ಹಾಗೆಯೇ ಇರುತ್ತವೆ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತವು, ವಿಮಾನಗಳೂ ನಿಂತವು. ಅವುಗಳಿಗೆ ಮಾಡಿದ ಮುಖ್ಯ ಚಿಕಿತ್ಸೆ ಫಾರ್ಮ್ಯಾಟ್ ಅಲ್ಲ. ‘ಸೇಫ್ ಮೋಡ್’ನಲ್ಲಿ ಎಬ್ಬಿಸಿ, ಕೆಟ್ಟ ಕಡತವೊಂದನ್ನು ತೆಗೆದುಹಾಕಿದರು.

ಮೊದಲು ನೋಡತಕ್ಕದ್ದು

ತೆರೆಯ ಮೇಲೆ ಶೇಕಡಾ ಅಂಕಿ ಕಾಣುತ್ತಿದ್ದರೆ ಕಾಯಿರಿ, ಸ್ವಿಚ್ ಆರಿಸಕೂಡದು. ಕೆಲವು ಗಂಟೆ ಕಳೆದರೂ ಅಂಕಿ ಅಲುಗದಿದ್ದರೆ ಮಾತ್ರ ಪವರ್ ಗುಂಡಿಯನ್ನು ಸುಮಾರು 10 ಸೆಕೆಂಡ್ ಒತ್ತಿ ಹಿಡಿದು ಆರಿಸಿರಿ. ಪ್ರಿಂಟರ್, ಪೆನ್‌ಡ್ರೈವ್ ಮುಂತಾದವನ್ನು ಕಳಚಿ ಮತ್ತೆ ಹಚ್ಚಿರಿ.

ಮದರ್‌ಬೋರ್ಡಿನ ಗುರುತು ಕೂಡ ತೆರೆಯ ಮೇಲೆ ಬಾರದಿದ್ದರೆ ದೋಷವು ವಿಂಡೋಸ್‌ನಲ್ಲಿಲ್ಲ. ಕರೆಂಟ್, ಕೇಬಲ್, ರ‍್ಯಾಮ್ ಇವನ್ನು ಪರೀಕ್ಷಿಸಬೇಕು. ಗುರುತು ಬಂದು ಅನಂತರ ನಿಂತರೆ ಕೆಳಗಿನ ಕ್ರಮವನ್ನು ಅನುಸರಿಸಿರಿ.

ಸರಿಪಡಿಸುವ ಕ್ರಮ

1. ವಿಂಡೋಸ್ ಏಳಲು ತೊಡಗಿದಾಗ ಪವರ್ ಗುಂಡಿ ಒತ್ತಿ ಹಿಡಿದು ಆರಿಸಿರಿ. ಹೀಗೆ ಎರಡು ಮೂರು ಸಲ ಮಾಡಿದರೆ ದುರಸ್ತಿಯ ತೆರೆ ತಾನೇ ಬರುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’, ಬಳಿಕ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒತ್ತಿರಿ.

2. ಮೊದಲು ‘ಸ್ಟಾರ್ಟ್‌ಅಪ್ ರಿಪೇರ್’ ಮಾಡಿ ನೋಡಿರಿ.

3. ಸರಿಹೋಗದಿದ್ದರೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಮೂಲಕ ಕೊನೆಯ ಅಪ್‌ಡೇಟನ್ನು ತೆಗೆಯಿರಿ. ತಿಂಗಳ ಸಣ್ಣ ಅಪ್‌ಡೇಟಿಗೆ ‘ಕ್ವಾಲಿಟಿ’ ಎಂದೂ ದೊಡ್ಡದಕ್ಕೆ ‘ಫೀಚರ್’ ಎಂದೂ ಹೆಸರು. ದೊಡ್ಡದನ್ನು ಸಾಮಾನ್ಯವಾಗಿ 10 ದಿನಗಳೊಳಗೆ ಮಾತ್ರ ಹಿಂದೆಗೆಯಬಹುದು. ಆದ್ದರಿಂದ ತಡಮಾಡಬೇಡಿರಿ.

4. ಇನ್ನೂ ಏಳದಿದ್ದರೆ ‘ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್’ಗೆ ಹೋಗಿ, ರೀಸ್ಟಾರ್ಟ್ ಮಾಡಿ, 4 ಒತ್ತಿದರೆ ಸೇಫ್ ಮೋಡ್ ಬರುತ್ತದೆ. ಅದರಲ್ಲಿ ಎದ್ದರೆ ಡ್ರೈವರಿನ ಮೇಲೆ ಸಂಶಯ. ‘ಡಿವೈಸ್ ಮ್ಯಾನೇಜರ್’ನಲ್ಲಿ ಡಿಸ್‌ಪ್ಲೇ ಡ್ರೈವರನ್ನು ‘ರೋಲ್ ಬ್ಯಾಕ್’ ಮಾಡಿರಿ.

5. ‘ಸಿಸ್ಟಮ್ ರಿಸ್ಟೋರ್’ ಮೊದಲೇ ಚಾಲೂ ಇದ್ದರೆ, ಅಪ್‌ಡೇಟಿಗೆ ಮುಂಚಿನ ದಿನದ ಸ್ಥಿತಿಗೆ ಯಂತ್ರವನ್ನು ಮರಳಿಸಬಹುದು.

ದುರಸ್ತಿಯ ತೆರೆಯೇ ಬಾರದಿದ್ದರೆ, ಬೇರೆ ಕಂಪ್ಯೂಟರಿನಲ್ಲಿ ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವಿಗೆ ಮೈಕ್ರೋಸಾಫ್ಟಿನ ‘ಮೀಡಿಯಾ ಕ್ರಿಯೇಷನ್ ಟೂಲ್’ನಿಂದ ವಿಂಡೋಸ್ ತುಂಬಿಸಿರಿ. ಅದರಿಂದ ಯಂತ್ರವನ್ನು ಎಬ್ಬಿಸುವ ಕೀಲಿ ಬೋರ್ಡಿನಿಂದ ಬೋರ್ಡಿಗೆ ಬೇರೆ: ಏಸಸ್‌ಗೆ ಎಫ್8, ಎಂಎಸ್‌ಐಗೆ ಎಫ್11, ಗಿಗಾಬೈಟ್‌ಗೆ ಎಫ್12. ತೆರೆ ಬಂದಾಗ ‘ರಿಪೇರ್’ ಆರಿಸಬೇಕೇ ಹೊರತು ‘ಇನ್‌ಸ್ಟಾಲ್’ ಆರಿಸಕೂಡದು. ‘ಬಿಟ್‌ಲಾಕರ್’ ಬೀಗ ಇದ್ದರೆ 48 ಅಂಕಿಗಳ ಕೀಲಿಯನ್ನು ಕೇಳುತ್ತದೆ. ಅದು ಬಹುಮಟ್ಟಿಗೆ ಒಡೆಯನ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ.

ಕೊನೆಯ ಉಪಾಯ

‘ರೀಸೆಟ್’ ಮಾಡಲೇಬೇಕಾದರೆ ‘ಕೀಪ್ ಮೈ ಫೈಲ್ಸ್’ ಎಂಬುದನ್ನೇ ಆರಿಸಿರಿ. ಆದರೂ ಲೆಕ್ಕದ ಸಾಫ್ಟ್‌ವೇರ್ ಅಳಿಸಿಹೋಗುತ್ತದೆ, ಅದರ ಜೊತೆಗೆ ಲೆಕ್ಕವೂ ಹೋಗಬಹುದು. ಆದ್ದರಿಂದ ಮೊದಲು ಕಡತಗಳನ್ನು ಹೊರಗೆ ತೆಗೆಯಿರಿ. ಉಬುಂಟು ತುಂಬಿದ ಪೆನ್‌ಡ್ರೈವಿನಿಂದ, ಡಿಸ್ಕಿಗೆ ಏನನ್ನೂ ಹಾಕದೆಯೇ ಯಂತ್ರವನ್ನು ಎಬ್ಬಿಸಿ, ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಬಹುದು. ಅಂಗಡಿಗೆ ಒಯ್ದರೂ “ಮೊದಲು ನಕಲು, ಆಮೇಲೆ ಕೆಲಸ” ಎಂದು ಸ್ಪಷ್ಟವಾಗಿ ಹೇಳಿರಿ. ನಿಮ್ಮ ಪಹಣಿಗೆ ಭಯವಿಲ್ಲ. ಅದು ಸರ್ಕಾರದ ‘ಭೂಮಿ’ ವ್ಯವಸ್ಥೆಯಲ್ಲಿದೆ, ನಿಮ್ಮ ಡಿಸ್ಕಿನಲ್ಲಲ್ಲ. ಸಂಘದ ಲೆಕ್ಕವೂ ಮಕ್ಕಳ ಪಾಠವೂ ನಿಮ್ಮ ಡಿಸ್ಕಿನಲ್ಲೇ ಇರಬಹುದು.

ಮುಂದಿನ ಎಚ್ಚರಿಕೆ

ಯಂತ್ರ ಎದ್ದ ಕೂಡಲೇ ಅಪ್‌ಡೇಟನ್ನು ಕೆಲವು ವಾರ ‘ಪಾಸ್’ ಮಾಡಿರಿ. ಇಲ್ಲವಾದರೆ ಅದೇ ಅಪ್‌ಡೇಟ್ ಮತ್ತೆ ಬಂದು ಕೂರುತ್ತದೆ. ಹಾಗೆಂದು ಶಾಶ್ವತವಾಗಿ ನಿಲ್ಲಿಸಕೂಡದು. ಬೆಳೆಗೆ ರೋಗನಿರೋಧ ಹೇಗೋ ಯಂತ್ರಕ್ಕೆ ಅಪ್‌ಡೇಟ್ ಹಾಗೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನೂ ನೆನಪಿಡಿರಿ.

ಮದರ್‌ಬೋರ್ಡ್, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡುಗಳ ಹೆಸರು ಮತ್ತು ನಂಬರನ್ನು ಚೀಟಿಯಲ್ಲಿ ಬರೆದು ಬಿಲ್ಲಿನೊಂದಿಗೆ ಇಡಿರಿ. ಸರಿಯಾದ ಡ್ರೈವರ್ ಹುಡುಕಲು ಅದೇ ಆಧಾರ. ಅಪ್‌ಡೇಟ್ ಹೊತ್ತಿನಲ್ಲಿ ಯುಪಿಎಸ್ ಇರಲಿ. ವಾರಕ್ಕೊಮ್ಮೆ ಲೆಕ್ಕದ ನಕಲನ್ನು ಬೇರೆ ಡಿಸ್ಕಿಗೆ ಹಾಕಿ, ಕಂಪ್ಯೂಟರಿನಿಂದ ಕಳಚಿ, ಬೇರೆ ಕಡೆ ಇಡಿರಿ. ಬಿತ್ತನೆಯ ಬೀಜವನ್ನು ಬೇರೆ ಗಡಿಗೆಯಲ್ಲಿ ಕಾಪಾಡುವ ರೈತನಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.