ಬೆಂಗಳೂರಿನ ಹೊರವಲಯದಲ್ಲಿ ನರವೈವಿಧ್ಯದ ಮಕ್ಕಳ ಖಾಸಗಿ ಶಾಲಾ ಪ್ರವೇಶ ಮತ್ತು ಶುಲ್ಕ

ಸ್ವಲೀನತೆ (ಆಟಿಸಂ), ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ (ಎಡಿಎಚ್‌ಡಿ), ಡಿಸ್ಲೆಕ್ಸಿಯಾದಂತಹ ನಿರ್ದಿಷ್ಟ ಕಲಿಕಾ ನ್ಯೂನತೆ ಮೊದಲಾದ ಸ್ಥಿತಿಗಳುಳ್ಳ ಮಕ್ಕಳನ್ನು ಒಟ್ಟಾಗಿ ನರವೈವಿಧ್ಯದ ಮಕ್ಕಳು ಎಂದು ಕರೆಯಲಾಗುತ್ತದೆ. ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯ ಪ್ರದೇಶಗಳಲ್ಲಿ ಇಂತಹ ಮಕ್ಕಳು ಖಾಸಗಿ ವಿಶೇಷ ಶಾಲೆಗಳಲ್ಲಿ ಅಥವಾ ಸಮನ್ವಯ ಶಿಕ್ಷಣ ನೀಡುವ ಸಾಮಾನ್ಯ ಖಾಸಗಿ ಶಾಲೆಗಳಲ್ಲಿ ಕಲಿಯುತ್ತಾರೆ. ಪ್ರವೇಶವು ಸಾಮಾನ್ಯವಾಗಿ ವೈದ್ಯಕೀಯ ಹಾಗೂ ಶೈಕ್ಷಣಿಕ ಮೌಲ್ಯಮಾಪನದ ಆಧಾರದ ಮೇಲೆ ನಡೆಯುತ್ತದೆ. ಶುಲ್ಕದ ಬಹುಪಾಲನ್ನು ಪೋಷಕರೇ ಭರಿಸುತ್ತಾರೆ. ಕಾನೂನು 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆಯಾದರೂ, ಆ ಹಕ್ಕು ಮತ್ತು ಬಹುತೇಕ ಆರ್ಥಿಕ ಸೌಲಭ್ಯಗಳು ಅಂಗವೈಕಲ್ಯ ಪ್ರಮಾಣಪತ್ರವನ್ನು ಅವಲಂಬಿಸಿವೆ.

ಪರಿಭಾಷೆ

'ನರವೈವಿಧ್ಯ' ಎಂಬುದು 1990ರ ದಶಕದ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಬಳಕೆಗೆ ಬಂದ ಪರಿಕಲ್ಪನೆಯ ಕನ್ನಡ ರೂಪ. ಮಿದುಳಿನ ಬೆಳವಣಿಗೆಯಲ್ಲಿನ ಭಿನ್ನತೆಗಳನ್ನು ರೋಗವೆಂದಷ್ಟೇ ನೋಡದೆ ಮಾನವ ವೈವಿಧ್ಯದ ಭಾಗವೆಂದು ಪರಿಗಣಿಸುವುದು ಇದರ ಆಶಯ. ಭಾರತದ ಕಾನೂನುಗಳು ಈ ಪದವನ್ನು ಬಳಸುವುದಿಲ್ಲ. ಅವು ಪ್ರತ್ಯೇಕ ಅಂಗವೈಕಲ್ಯಗಳನ್ನು ಹೆಸರಿಸುತ್ತವೆ. ಆದ್ದರಿಂದ ಶಾಲೆಯ ಪ್ರಚಾರಪತ್ರದಲ್ಲಿ 'ನರವೈವಿಧ್ಯ' ಎಂದಿದ್ದರೂ ಸರ್ಕಾರಿ ಅರ್ಜಿಯಲ್ಲಿ ಸ್ಥಿತಿಯ ನಿರ್ದಿಷ್ಟ ಹೆಸರನ್ನೇ ನಮೂದಿಸಬೇಕಾಗುತ್ತದೆ.

ಪ್ರದೇಶದ ಹಿನ್ನೆಲೆ

ಪೀಣ್ಯ ಕೈಗಾರಿಕಾ ಪ್ರದೇಶವು 1970ರ ದಶಕದಲ್ಲಿ ಬೆಳೆಯಿತು. ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿಯನ್ನು ಅದೇ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ರೂಪಿಸಿತು. ವೈಟ್‌ಫೀಲ್ಡ್ 1990ರ ದಶಕದಲ್ಲಿ ಐಟಿಪಿಎಲ್ ಆರಂಭವಾದ ನಂತರ ಮಾಹಿತಿ ತಂತ್ರಜ್ಞಾನದ ಕೇಂದ್ರವಾಯಿತು. ಆದರೆ ನಗರದಲ್ಲಿ ಅಂಗವಿಕಲ ಮಕ್ಕಳಿಗಾಗಿ ದುಡಿಯುತ್ತಿರುವ ಹಳೆಯ ಸಂಸ್ಥೆಗಳು ಈ ಪ್ರದೇಶಗಳಲ್ಲಿ ಹುಟ್ಟಿದವಲ್ಲ. 1959ರಲ್ಲಿ ಆರಂಭವಾದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ (ಎಪಿಡಿ) ಲಿಂಗರಾಜಪುರದಲ್ಲಿದೆ. ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇಂದಿರಾನಗರದಲ್ಲಿದೆ. ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ನಿಮ್ಹಾನ್ಸ್) ಹೊಸೂರು ರಸ್ತೆಯ ನಗರದೊಳಗಿನ ಭಾಗದಲ್ಲಿದೆ. ವಾಕ್ ಮತ್ತು ಶ್ರವಣ ಕ್ಷೇತ್ರದ ಪ್ರಮುಖ ಕೇಂದ್ರವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (ಆಯಿಷ್, ಸ್ಥಾಪನೆ 1965) ಇರುವುದು ಮೈಸೂರಿನಲ್ಲಿ.

ಹೀಗಾಗಿ ಹೊರವಲಯದ ಕುಟುಂಬಗಳು ದೂರದ ಹಳೆಯ ಸಂಸ್ಥೆಗೆ ಮಗುವನ್ನು ಕಳುಹಿಸುವುದು ಅಥವಾ ಸಮೀಪದ ಹೊಸ ಖಾಸಗಿ ಶಾಲೆಗೆ ಹೆಚ್ಚು ಶುಲ್ಕ ತೆರುವುದು ಎಂಬ ಎರಡು ದಾರಿಗಳ ನಡುವೆ ಆಯ್ದುಕೊಳ್ಳಬೇಕಾಗುತ್ತದೆ. ನಮ್ಮ ಮೆಟ್ರೊ 2014ರಲ್ಲಿ ಪೀಣ್ಯವನ್ನೂ 2023ರಲ್ಲಿ ವೈಟ್‌ಫೀಲ್ಡನ್ನೂ 2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನೂ ತಲುಪಿದೆ. ಆದರೂ ಸದ್ದು ಮತ್ತು ಜನಸಂದಣಿಯನ್ನು ಸಹಿಸಲಾಗದ ಮಗುವಿಗೆ ನಿತ್ಯದ ದೀರ್ಘ ಪ್ರಯಾಣವೇ ದೊಡ್ಡ ತೊಡಕಾಗಬಹುದು.

ಕಾನೂನಿನ ಚೌಕಟ್ಟು

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಈ ವಿಷಯದ ಮೂಲ ಕಾನೂನು. 1995ರ ಹಿಂದಿನ ಕಾಯ್ದೆಯು 7 ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. 2016ರ ಕಾಯ್ದೆ 21ನ್ನು ಗುರುತಿಸುತ್ತದೆ. ಸ್ವಲೀನತೆ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳು ಹೀಗೆ ಹೊಸದಾಗಿ ಸೇರಿದವು. ಎಡಿಎಚ್‌ಡಿ ಈ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಮಗುವಿಗೆ ಅದರ ಜೊತೆಗೆ ಪಟ್ಟಿಯಲ್ಲಿರುವ ಬೇರೊಂದು ಸ್ಥಿತಿಯೂ ಇದ್ದರೆ ಆ ಸ್ಥಿತಿಯ ಆಧಾರದ ಮೇಲೆ ಪ್ರಮಾಣಪತ್ರ ಕೋರಬಹುದು.

ಕಾಯ್ದೆಯ ಮೂರು ಅಂಶಗಳು ಪ್ರವೇಶಕ್ಕೆ ನೇರವಾಗಿ ಸಂಬಂಧಿಸಿವೆ:

• ಕಲಂ 16: ಸರ್ಕಾರದಿಂದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಅಂಗವಿಕಲ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು ಮತ್ತು ಅವರ ಅಗತ್ಯಕ್ಕೆ ತಕ್ಕ ಹೊಂದಾಣಿಕೆಗಳನ್ನು ಮಾಡಬೇಕು. ಮಾನ್ಯತೆ ಪಡೆದ ಖಾಸಗಿ ಶಾಲೆಗಳೂ ಇದರ ವ್ಯಾಪ್ತಿಗೆ ಬರುತ್ತವೆ.
• ಕಲಂ 31: ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ.
• ಕಲಂ 50: ಅಂಗವಿಕಲರಿಗಾಗಿ ಸಂಸ್ಥೆ ನಡೆಸುವವರು ನೋಂದಣಿ ಪ್ರಮಾಣಪತ್ರ ಹೊಂದಿರಬೇಕು.

ಕಲಂ 31 ಉಚಿತ ಶಿಕ್ಷಣದ ಹೊಣೆಯನ್ನು ಸರ್ಕಾರ ಹಾಗೂ ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸುತ್ತದೆ. ಆದರೆ ಖಾಸಗಿ ವಿಶೇಷ ಶಾಲೆಗೆ ಪೋಷಕರು ಈಗಾಗಲೇ ಕಟ್ಟಿದ ಶುಲ್ಕವನ್ನು ಮರಳಿಸುವ ವಿಧಾನವನ್ನು ಅದು ಹೇಳುವುದಿಲ್ಲ. ಹಕ್ಕು ಮತ್ತು ಆಚರಣೆಯ ನಡುವಿನ ಅಂತರ ಮುಖ್ಯವಾಗಿ ಇಲ್ಲಿಯೇ ಇದೆ.

ಶಿಕ್ಷಣ ಹಕ್ಕು ಕಾಯ್ದೆ, 2009ರ (ಆರ್‌ಟಿಇ) ಕಲಂ 12(1)(ಸಿ) ಖಾಸಗಿ ಅನುದಾನರಹಿತ ಶಾಲೆಗಳ ಪ್ರವೇಶ ಹಂತದಲ್ಲಿ ಶೇ. 25 ಸೀಟುಗಳನ್ನು ದುರ್ಬಲ ಮತ್ತು ಅವಕಾಶವಂಚಿತ ವರ್ಗಗಳಿಗೆ ಮೀಸಲಿಡುತ್ತದೆ. 2012ರ ತಿದ್ದುಪಡಿಯಿಂದ ಅಂಗವಿಕಲ ಮಕ್ಕಳೂ ಅವಕಾಶವಂಚಿತ ವರ್ಗಕ್ಕೆ ಸೇರಿದರು. ಆದರೆ ಕರ್ನಾಟಕದ ನಿಯಮಗಳ ತಿದ್ದುಪಡಿಯಂತೆ 2019-20ನೇ ಸಾಲಿನಿಂದ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಅನುದಾನರಹಿತ ಶಾಲೆಯಲ್ಲಿ ಈ ಸೀಟುಗಳು ದೊರೆಯುವುದಿಲ್ಲ. ಇದರಿಂದ ನಗರ ಪ್ರದೇಶಗಳಲ್ಲಿ ಈ ಮಾರ್ಗ ಬಹಳ ಕಿರಿದಾಯಿತು. ಇದೇ ಕಾಯ್ದೆಯ ಕಲಂ 13 ಪ್ರವೇಶದ ವೇಳೆ ಕ್ಯಾಪಿಟೇಷನ್ ಶುಲ್ಕವನ್ನೂ ಮಗು ಅಥವಾ ಪೋಷಕರನ್ನು ಸೋಸುವ ಪರೀಕ್ಷೆ, ಸಂದರ್ಶನಗಳನ್ನೂ ನಿಷೇಧಿಸುತ್ತದೆ.

2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾಮಾನ್ಯ ಶಾಲೆಗಳಲ್ಲಿ ವಿಶೇಷ ಶಿಕ್ಷಕರ ಪ್ರಮಾಣದ ಬಗ್ಗೆ ನಿರ್ದೇಶನ ನೀಡಿತು. ವಿಶೇಷ ಅಗತ್ಯವುಳ್ಳ ಮಕ್ಕಳು ಪ್ರಾಥಮಿಕ ಹಂತದಲ್ಲಿ 10 ಇದ್ದರೆ ಒಬ್ಬರು, ಮೇಲಿನ ಹಂತಗಳಲ್ಲಿ 15 ಇದ್ದರೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕೆಂಬುದು ಅದರ ಸಾರ.

ಶಾಲೆಗಳ ಬಗೆಗಳು

ವಿಶೇಷ ಶಾಲೆಗಳು ಇಂತಹ ಮಕ್ಕಳಿಗಾಗಿಯೇ ಇರುವ ಶಾಲೆಗಳು. ಇವುಗಳ ಮೇಲ್ವಿಚಾರಣೆ ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯದು. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಕೆಲವು ಶಾಲೆಗಳು ಇಲಾಖೆಯ ಅನುದಾನ ಪಡೆಯುತ್ತವೆ. ಅಲ್ಲಿ ಶುಲ್ಕ ಇರುವುದಿಲ್ಲ ಅಥವಾ ಕಡಿಮೆ ಇರುತ್ತದೆ.

ಸಮನ್ವಯ ಶಾಲೆಗಳು ಶಿಕ್ಷಣ ಇಲಾಖೆಯ ಮಾನ್ಯತೆಯುಳ್ಳ ಸಾಮಾನ್ಯ ಖಾಸಗಿ ಶಾಲೆಗಳು. ಇವುಗಳಲ್ಲಿ ಸಂಪನ್ಮೂಲ ಕೊಠಡಿ ಮತ್ತು ವಿಶೇಷ ಶಿಕ್ಷಕರ ವ್ಯವಸ್ಥೆ ಇರುತ್ತದೆ. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿ (ಸಿಬಿಎಸ್‌ಇ) ತನ್ನ ಸಂಯೋಜಿತ ಶಾಲೆಗಳಲ್ಲಿ ವಿಶೇಷ ಶಿಕ್ಷಕರ ನೇಮಕವನ್ನು ಕಡ್ಡಾಯಗೊಳಿಸಿದೆ.

ಚಿಕಿತ್ಸಾ ಮತ್ತು ಕಲಿಕಾ ಕೇಂದ್ರಗಳು ವಾಕ್ ಚಿಕಿತ್ಸೆ, ಆಕ್ಯುಪೇಶನಲ್ ಥೆರಪಿ ಮತ್ತು ಪರಿಹಾರ ಬೋಧನೆ ನೀಡುತ್ತವೆ. ಭಾಷಾತಜ್ಞೆ ಪ್ರತಿಭಾ ಕಾರಂತ ಅವರು ಬೆಂಗಳೂರಿನಲ್ಲಿ ರೂಪಿಸಿದ ಕಾಮ್ ಡೀಲ್ ಕಾರ್ಯಕ್ರಮವು ಶಾಲಾಪೂರ್ವ ವಯಸ್ಸಿನ ಮಕ್ಕಳ ಭಾಷೆ ಮತ್ತು ಸಂವಹನವನ್ನು ಬೆಳೆಸಿ ಅವರನ್ನು ಸಾಮಾನ್ಯ ಶಾಲೆಗೆ ಸಿದ್ಧಗೊಳಿಸುವ ಉದ್ದೇಶದ್ದು. ಇಂತಹ ಕೇಂದ್ರಗಳು ಸ್ವತಃ ಶಾಲೆಗಳಲ್ಲ. ಮೇಲ್ತರಗತಿಯ ಮಕ್ಕಳು ಕೇಂದ್ರದಲ್ಲಿ ಕಲಿತು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಮೂಲಕ 10 ಮತ್ತು 12ನೇ ತರಗತಿಯ ಪರೀಕ್ಷೆ ಬರೆಯುವುದುಂಟು.

ಮೌಲ್ಯಮಾಪನ ಮತ್ತು ಪ್ರಮಾಣಪತ್ರ

ಪ್ರವೇಶಕ್ಕೆ ಮುನ್ನ ಎರಡು ಬಗೆಯ ದಾಖಲೆಗಳು ಸಿದ್ಧವಾಗುತ್ತವೆ. ಮೊದಲನೆಯದು ಮಕ್ಕಳ ಮನೋವೈದ್ಯರು, ಬೆಳವಣಿಗೆಯ ತಜ್ಞ ವೈದ್ಯರು ಅಥವಾ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ನೀಡುವ ರೋಗನಿರ್ಣಯ ವರದಿ. ಎರಡನೆಯದು ಸರ್ಕಾರದ ಅಧಿಕೃತ ವೈದ್ಯಕೀಯ ಪ್ರಾಧಿಕಾರ ನೀಡುವ ಅಂಗವೈಕಲ್ಯ ಪ್ರಮಾಣಪತ್ರ ಮತ್ತು ವಿಶಿಷ್ಟ ಗುರುತಿನ ಚೀಟಿ (ಯುಡಿಐಡಿ). ಖಾಸಗಿ ವರದಿಯು ಶಾಲೆಯಲ್ಲಿ ಪಾಠಕ್ರಮ ರೂಪಿಸಲು ನೆರವಾಗುತ್ತದೆ. ಆದರೆ ತೆರಿಗೆ ವಿನಾಯಿತಿ ಮತ್ತು ಸರ್ಕಾರಿ ಯೋಜನೆಗಳಿಗೆ ಅದೊಂದೇ ಸಾಲದು.

ಯುಡಿಐಡಿ ಅರ್ಜಿಯನ್ನು ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಸಲ್ಲಿಸಬೇಕು. ಸ್ವಲೀನತೆಯ ಪ್ರಮಾಣವನ್ನು ಅಳೆಯಲು 40 ಅಂಶಗಳ ಭಾರತೀಯ ಸ್ವಲೀನತಾ ಮಾಪನವನ್ನೂ (ಐಎಸ್‌ಎಎ) ಕಲಿಕಾ ನ್ಯೂನತೆಯನ್ನು ಗುರುತಿಸಲು ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಗುಚ್ಛವನ್ನೂ ಬಳಸಲಾಗುತ್ತದೆ. 2018ರ ಕೇಂದ್ರ ಮಾರ್ಗಸೂಚಿಯು ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು 8 ವರ್ಷ ತುಂಬಿದ ನಂತರವೇ ನೀಡಬೇಕೆಂದಿತು. ಹಾಗಾಗಿ ಒಂದನೇ ತರಗತಿಯಲ್ಲಿಯೇ ಓದು ಬರಹದ ತೊಂದರೆ ಕಾಣಿಸಿಕೊಂಡರೂ ಆ ವಯಸ್ಸಿನವರೆಗೆ ಮಗುವು ಪ್ರಮಾಣಪತ್ರವಿಲ್ಲದೆಯೇ ಶಾಲೆಯ ನೆರವನ್ನು ನೆಚ್ಚಬೇಕಾಗುತ್ತದೆ.

ಪ್ರವೇಶ ಪ್ರಕ್ರಿಯೆ

ಪ್ರವೇಶವು ಸಾಮಾನ್ಯವಾಗಿ ಈ ಹಂತಗಳಲ್ಲಿ ನಡೆಯುತ್ತದೆ:

1. ವಿಚಾರಣೆ ಮತ್ತು ಅರ್ಜಿ: ಜನನ ಪ್ರಮಾಣಪತ್ರ, ಆಧಾರ್, ಹಿಂದಿನ ಶಾಲೆಯ ವರ್ಗಾವಣೆ ಪತ್ರ (ಟಿ.ಸಿ.), ವೈದ್ಯಕೀಯ ವರದಿ ಹಾಗೂ ಈವರೆಗಿನ ಚಿಕಿತ್ಸೆಯ ವಿವರಗಳನ್ನು ಕೇಳಲಾಗುತ್ತದೆ.
2. ಮಗುವಿನ ವೀಕ್ಷಣೆ: ಸಂವಹನ, ಸ್ವಸಹಾಯ ಕೌಶಲ, ಇಂದ್ರಿಯ ಸಂವೇದನೆ ಮತ್ತು ಕಲಿಕೆಯ ಮಟ್ಟವನ್ನು ವಿಶೇಷ ಶಿಕ್ಷಕರು ಗಮನಿಸುತ್ತಾರೆ. ಯಾವ ಗುಂಪಿಗೆ ಸೇರಿಸಬೇಕೆಂದು ತಿಳಿಯಲು ನಡೆಸುವ ಇಂತಹ ವೀಕ್ಷಣೆ ಒಂದು. ಮಗುವನ್ನು ಹೊರಗಿಡಲು ನಡೆಸುವ ಪರೀಕ್ಷೆ ಇನ್ನೊಂದು. ಆರ್‌ಟಿಇ ಕಾಯ್ದೆ ನಿಷೇಧಿಸಿರುವುದು ಎರಡನೆಯದನ್ನು.
3. ಪ್ರಾಯೋಗಿಕ ಅವಧಿ: ಕೆಲವು ಶಾಲೆಗಳು ಕೆಲವು ದಿನ ಅಥವಾ ವಾರಗಳ ಕಾಲ ಮಗುವನ್ನು ತರಗತಿಯಲ್ಲಿ ಕೂರಿಸಿ ನೋಡುತ್ತವೆ.
4. ವೈಯಕ್ತಿಕ ಶಿಕ್ಷಣ ಯೋಜನೆ (ಐಇಪಿ): ಮಗುವಿನ ಗುರಿಗಳು, ಚಿಕಿತ್ಸೆಯ ಅವಧಿಗಳು ಮತ್ತು ಪುನರ್ವಿಮರ್ಶೆಯ ದಿನಾಂಕಗಳನ್ನು ಬರಹದಲ್ಲಿ ದಾಖಲಿಸಲಾಗುತ್ತದೆ.

ಸಾಮಾನ್ಯ ಶಾಲೆಗಳಲ್ಲಿ ಹೊಸ ಶೈಕ್ಷಣಿಕ ವರ್ಷವು ಮೇ ಕೊನೆ ಅಥವಾ ಜೂನ್‌ನಲ್ಲಿ ಆರಂಭವಾಗುವುದರಿಂದ ಪ್ರವೇಶದ ಕೆಲಸ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿಯೇ ಶುರುವಾಗುತ್ತದೆ. ವಿಶೇಷ ಶಾಲೆಗಳಲ್ಲಿ ಸ್ಥಾನ ತೆರವಾದಾಗ ವರ್ಷದ ನಡುವೆಯೂ ಪ್ರವೇಶ ದೊರೆಯುವುದುಂಟು. ಶಿಕ್ಷಕರ ಅರ್ಹತೆಯನ್ನು ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿಯಿಂದ ತಿಳಿಯಬಹುದು. 1992ರ ಕಾಯ್ದೆಯಡಿ ವಿಶೇಷ ಶಿಕ್ಷಕರ ನೋಂದಣಿ ಈ ಪರಿಷತ್ತಿನಲ್ಲಿಯೇ ಆಗುತ್ತದೆ.

ಹೊರರಾಜ್ಯಗಳಿಂದ ಬಂದ ಕುಟುಂಬಗಳು ಹೆಚ್ಚಿರುವ ಈ ಪ್ರದೇಶಗಳಲ್ಲಿ ಭಾಷೆಯ ಪ್ರಶ್ನೆಯೂ ಏಳುತ್ತದೆ. ಮನೆಮಾತನ್ನು ಬಿಟ್ಟು ಇಂಗ್ಲಿಷನ್ನಷ್ಟೇ ಬಳಸುವಂತೆ ಪೋಷಕರಿಗೆ ಸೂಚಿಸುವ ರೂಢಿ ಹಲವೆಡೆ ಇದೆ. ಆದರೆ ಎರಡು ಭಾಷೆಗಳ ಪರಿಸರದಲ್ಲಿ ಬೆಳೆಯುವುದರಿಂದ ಸ್ವಲೀನ ಮಕ್ಕಳ ಭಾಷಾ ಬೆಳವಣಿಗೆ ಹೆಚ್ಚು ಕುಂಠಿತವಾಗುವುದಿಲ್ಲವೆಂದು ಹಲವು ಸಂಶೋಧನೆಗಳು ತೋರಿಸಿವೆ.

ಶುಲ್ಕದ ರಚನೆ

ವಿಶೇಷ ಶಿಕ್ಷಣದ ವೆಚ್ಚ ಹೆಚ್ಚಾಗಲು ಮುಖ್ಯ ಕಾರಣ ಶಿಕ್ಷಕರ ಪ್ರಮಾಣ. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂಬುದು ಆರ್‌ಟಿಇ ಕಾಯ್ದೆಯ ಮಾನದಂಡ. 5 ಮಕ್ಕಳಿಗೆ ಒಬ್ಬರಂತೆ ಶಿಕ್ಷಕರನ್ನು ನೇಮಿಸಿದರೆ, ವೇತನ ಒಂದೇ ಆಗಿದ್ದರೂ ಪ್ರತಿ ಮಗುವಿನ ಪಾಲಿಗೆ ಬರುವ ವೇತನವೆಚ್ಚ ಆರು ಪಟ್ಟಾಗುತ್ತದೆ. ಚಿಕಿತ್ಸಕರ ವೇತನ ಮತ್ತು ಕಟ್ಟಡದ ಬಾಡಿಗೆ ಇದರ ಜೊತೆಗೆ ಸೇರುತ್ತವೆ.

ಪೋಷಕರು ಕಟ್ಟುವ ಮೊತ್ತದಲ್ಲಿ ಸಾಮಾನ್ಯವಾಗಿ ಈ ಬಾಬ್ತುಗಳು ಇರುತ್ತವೆ:

• ಅರ್ಜಿ ಮತ್ತು ಮೌಲ್ಯಮಾಪನ ಶುಲ್ಕ
• ಒಂದು ಬಾರಿಯ ಪ್ರವೇಶ ಶುಲ್ಕ ಅಥವಾ ಮರಳಿ ಕೊಡುವ ಠೇವಣಿ
• ಬೋಧನಾ ಶುಲ್ಕ
• ಅವಧಿಗೆ ಇಷ್ಟೆಂದು ನಿಗದಿಯಾದ ಚಿಕಿತ್ಸಾ ಶುಲ್ಕ
• ತರಗತಿಯಲ್ಲಿ ಮಗುವಿನ ಜೊತೆಗಿರುವ ಸಹಾಯಕ ಶಿಕ್ಷಕರ (ಶಾಡೋ ಟೀಚರ್) ಸಂಬಳ
• ವಾಹನ ಶುಲ್ಕ

ಸಮನ್ವಯ ಶಾಲೆಗಳಲ್ಲಿ ಮೂಲ ಶುಲ್ಕ ಎಲ್ಲ ಮಕ್ಕಳಿಗೂ ಒಂದೇ ಆಗಿದ್ದು, ಶಾಡೋ ಟೀಚರ್ ಸಂಬಳ ಮತ್ತು ಚಿಕಿತ್ಸೆಯ ವೆಚ್ಚ ಪ್ರತ್ಯೇಕವಾಗಿ ಪೋಷಕರ ಮೇಲೆ ಬೀಳಬಹುದು. ಮಗು ಗೈರಾದ ದಿನದ ಚಿಕಿತ್ಸಾ ಶುಲ್ಕ, ವರ್ಷದ ನಡುವೆ ಶಾಲೆ ಬಿಟ್ಟರೆ ಮರಳಿ ಬರುವ ಮೊತ್ತ ಮತ್ತು ವಾರ್ಷಿಕ ಏರಿಕೆ, ಈ ಮೂರು ವಿಷಯಗಳು ಲಿಖಿತ ನಿಯಮದಲ್ಲಿ ಇಲ್ಲದಿದ್ದರೆ ಮುಂದೆ ವಿವಾದಕ್ಕೆ ಕಾರಣವಾಗಬಹುದು.

ಆರ್ಥಿಕ ನೆರವು

ಆದಾಯ ತೆರಿಗೆ: 1961ರ ಕಾಯ್ದೆಯ ಕಲಂ 80ಡಿಡಿ ಅಡಿಯಲ್ಲಿ ಅಂಗವಿಕಲ ಅವಲಂಬಿತರ ಚಿಕಿತ್ಸೆ, ತರಬೇತಿ ಮತ್ತು ಪುನರ್ವಸತಿಗಾಗಿ ₹75,000, ಅಂಗವೈಕಲ್ಯ ಶೇ. 80 ಅಥವಾ ಹೆಚ್ಚಿದ್ದರೆ ₹1,25,000 ಕಡಿತವನ್ನು ಕಲ್ಪಿಸಲಾಯಿತು. ನಿಜವಾದ ಖರ್ಚು ಎಷ್ಟೇ ಇದ್ದರೂ ಕಡಿತದ ಮೊತ್ತ ಇದೇ. ಬೋಧನಾ ಶುಲ್ಕಕ್ಕೆ ಅದೇ ಕಾಯ್ದೆಯ ಕಲಂ 80ಸಿ ಅಡಿಯಲ್ಲಿ, ಇತರ ಹೂಡಿಕೆಗಳೂ ಸೇರಿ ₹1,50,000ರ ಮಿತಿಯೊಳಗೆ ಕಡಿತವನ್ನು ಕಲ್ಪಿಸಲಾಯಿತು. ಡೊನೇಷನ್ ಮತ್ತು ಅಭಿವೃದ್ಧಿ ಶುಲ್ಕ ಇದಕ್ಕೆ ಸೇರುವುದಿಲ್ಲ. ಆದ್ದರಿಂದ ಬಾಬ್ತುವಾರು ರಸೀದಿ ಮುಖ್ಯವಾಗುತ್ತದೆ. ಈ ಎರಡೂ ಕಡಿತಗಳು ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ.

ನಿರಾಮಯ ವಿಮೆ: 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿಯ ಈ ಯೋಜನೆಯಲ್ಲಿ ಸ್ವಲೀನತೆ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯ ಉಳ್ಳವರಿಗೆ ವರ್ಷಕ್ಕೆ ₹1 ಲಕ್ಷದವರೆಗೆ ರಕ್ಷಣೆ ಇದೆ. ನಿಗದಿತ ಮಿತಿಯೊಳಗೆ ಚಿಕಿತ್ಸಾ ಅವಧಿಗಳ ವೆಚ್ಚವೂ ಇದರಲ್ಲಿ ಸೇರುತ್ತದೆ. ಶಾಲಾ ಶುಲ್ಕ ಸೇರುವುದಿಲ್ಲ. ಎಡಿಎಚ್‌ಡಿ ಅಥವಾ ಡಿಸ್ಲೆಕ್ಸಿಯಾ ಮಾತ್ರ ಇರುವವರಿಗೆ ಇದು ಅನ್ವಯಿಸದು.

ಉದ್ಯೋಗದ ಸೌಲಭ್ಯಗಳು: ಪೋಷಕರ ಉದ್ಯೋಗದ ಸ್ವರೂಪ ಇಲ್ಲಿ ದೊಡ್ಡ ವ್ಯತ್ಯಾಸ ತರುತ್ತದೆ. ಕೆಲವು ಮಾಹಿತಿ ತಂತ್ರಜ್ಞಾನ ಕಂಪನಿಗಳ ಗುಂಪು ವಿಮೆಯಲ್ಲಿ ಮಕ್ಕಳ ಚಿಕಿತ್ಸಾ ವೆಚ್ಚಕ್ಕೆ ಅವಕಾಶವಿದೆ. ಪೀಣ್ಯದ ಸಣ್ಣ ಕಾರ್ಖಾನೆಗಳ ಕಾರ್ಮಿಕರಿಗೆ, ವೇತನ ಮಿತಿಯೊಳಗಿದ್ದರೆ, ನೌಕರರ ರಾಜ್ಯ ವಿಮಾ ಯೋಜನೆಯಿಂದ (ಇಎಸ್‌ಐ) ಅವಲಂಬಿತ ಮಕ್ಕಳಿಗೂ ವೈದ್ಯಕೀಯ ಸೇವೆ ದೊರೆಯುತ್ತದೆ. ಶಾಲಾ ಶುಲ್ಕಕ್ಕೆ ನೆರವಿಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ ಅಂಗವಿಕಲ ಮಗುವಿನ ಶಿಕ್ಷಣ ಭತ್ಯೆ ಸಾಮಾನ್ಯ ದರದ ಎರಡರಷ್ಟಿದೆ.

ಶುಲ್ಕರಹಿತ ಪರ್ಯಾಯ: ಸಮಗ್ರ ಶಿಕ್ಷಣ ಕರ್ನಾಟಕದಡಿ ಸರ್ಕಾರಿ ಶಾಲೆಗಳಿಗೆ ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ಭೇಟಿ ನೀಡುತ್ತಾರೆ. ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವಿದೆ. ಇವುಗಳ ಮಾಹಿತಿ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಲಭ್ಯ.

ದೂರು ಮತ್ತು ಪರಿಹಾರ

ಅಂಗವೈಕಲ್ಯದ ಕಾರಣಕ್ಕೆ ಮಾನ್ಯತೆ ಪಡೆದ ಶಾಲೆ ಪ್ರವೇಶ ನಿರಾಕರಿಸಿದರೆ ಅಥವಾ ಹೊಂದಾಣಿಕೆಗೆ ಒಪ್ಪದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೂ (ಬಿಇಒ) ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೂ ದೂರು ಸಲ್ಲಿಸಬಹುದು. ವಿಚಾರಣೆಯಲ್ಲಿ ಸಾಕ್ಷಿಗಳನ್ನು ಕರೆಸುವ, ದಾಖಲೆಗಳನ್ನು ತರಿಸುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. 2016ರ ಕಾಯ್ದೆಯ ಉಲ್ಲಂಘನೆಗೆ ಮೊದಲ ಬಾರಿ ₹10,000ದವರೆಗೆ, ನಂತರದ ಪ್ರತಿ ಉಲ್ಲಂಘನೆಗೆ ₹50,000ದಿಂದ ₹5 ಲಕ್ಷದವರೆಗೆ ದಂಡವಿದೆ. 'ಸೀಟು ಖಾಲಿ ಇಲ್ಲ' ಎಂಬ ಬಾಯಿಮಾತಿನ ಉತ್ತರದಲ್ಲಿ ನಿರಾಕರಣೆಯ ನಿಜವಾದ ಕಾರಣವನ್ನು ಸಾಬೀತುಪಡಿಸುವುದು ಕಷ್ಟ. ಲಿಖಿತ ಅರ್ಜಿ ಮತ್ತು ಅದರ ಸ್ವೀಕೃತಿಯಿಂದ ದೂರಿಗೆ ಆಧಾರ ದೊರೆಯುತ್ತದೆ.

ಇವನ್ನೂ ನೋಡಿ

• ಸ್ವಲೀನತೆ
• ಡಿಸ್ಲೆಕ್ಸಿಯಾ
• ನಿಮ್ಹಾನ್ಸ್
• ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ
• ಶಿಕ್ಷಣ ಹಕ್ಕು ಕಾಯ್ದೆ, 2009