345 ಸಿಂಡ್ರೆಲಾಗಳು, ನಮ್ಮ ಹಂಚಿ

1893ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಪುಸ್ತಕದ ಹೆಸರಲ್ಲೇ ಲೆಕ್ಕವಿದೆ: ಸಿಂಡ್ರೆಲಾ ಕಥೆಯ 345 ಪಾಠಗಳು. ಮೇರಿಯನ್ ರೋಲ್ಫ್ ಕಾಕ್ಸ್ ಎಂಬಾಕೆ ಒಂದೊಂದರ ಸಾರ ಬರೆದು, ಬಗೆಬಗೆಯಾಗಿ ವಿಂಗಡಿಸಿ 500ಕ್ಕೂ ಹೆಚ್ಚು ಪುಟ ತುಂಬಿಸಿದ್ದಾರೆ. ರಾತ್ರಿಗೊಂದರಂತೆ ಈ ಯುಗಾದಿಗೆ ಹೇಳಲು ಶುರು ಮಾಡಿದರೆ ಮುಗಿಯುವ ಹೊತ್ತಿಗೆ ಮುಂದಿನ ಯುಗಾದಿ ಬಾಗಿಲಿಗೆ ಬಂದಿರುತ್ತದೆ. 1951ರಲ್ಲಿ ಸ್ವೀಡನ್ನಿನ ಅನ್ನಾ ಬಿರ್ಗಿಟ್ಟಾ ರೂತ್ ಅದೇ ಕಥೆಯನ್ನು ಅಧ್ಯಯನ ಮಾಡಿದಾಗ ಅವರ ಮುಂದಿದ್ದ ಪಾಠಗಳು ಸುಮಾರು 700!

ಕಾಲದ ಲೆಕ್ಕವೂ ಹಾಗೇ ಹಿಗ್ಗುತ್ತದೆ. ಗಾಜಿನ ಚಪ್ಪಲಿಯ ಕಥೆಯನ್ನು ಫ್ರಾನ್ಸಿನ ಪೆರೋ ಪ್ರಕಟಿಸಿದ್ದು 1697ರಲ್ಲಿ. ಅದಕ್ಕೆ 800 ವರ್ಷಗಳಿಗೂ ಹಿಂದೆ, 9ನೇ ಶತಮಾನದಲ್ಲಿ, ಚೀನಾದ ದುವಾನ್ ಚೆಂಗ್‌ಷಿ ತನ್ನ ಮನೆಯಲ್ಲಿ ಕೆಲಸಕ್ಕಿದ್ದ ದಕ್ಷಿಣದವನೊಬ್ಬನಿಂದ ಯೆ ಶಿಯಾನ್ ಎಂಬ ಹುಡುಗಿಯ ಕಥೆ ಕೇಳಿ ಬರೆದಿಟ್ಟಿದ್ದ. ಅವಳು ಸಾಕಿದ ಮೀನನ್ನು ಮಲತಾಯಿ ಕೊಂದು ತಿನ್ನುತ್ತಾಳೆ. ಹುಡುಗಿ ಮುಳ್ಳುಗಳನ್ನು ಎತ್ತಿಟ್ಟುಕೊಂಡು ಬೇಡುತ್ತಾಳೆ, ಬೇಡಿದ್ದೆಲ್ಲ ಸಿಗುತ್ತದೆ. ಚಿನ್ನದ ಪಾದರಕ್ಷೆಯೂ ಬರುತ್ತದೆ. ಕೂದಲೆಳೆಯಷ್ಟು ಹಗುರ, ಕಲ್ಲಿನ ಮೇಲೆ ನಡೆದರೂ ಸಪ್ಪಳವಿಲ್ಲ.

ಆದರೆ ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಚಪ್ಪಲಿಯಲ್ಲ. ಕಾಕ್ಸ್ ವಿಂಗಡಿಸಿದ ರಾಶಿಯಲ್ಲಿ ಇನ್ನೊಂದು ದೊಡ್ಡ ಪಾಲಿದೆ. ಅಲ್ಲಿ ಹುಡುಗಿಗೆ ಕಾಟ ಮಲತಾಯಿಯದಲ್ಲ, ಅವಳನ್ನೇ ಮದುವೆಯಾಗಬೇಕೆಂಬ ಸ್ವಂತ ತಂದೆಯದು. ಅವಳು ಮೈ ಮುಚ್ಚಿಕೊಂಡು ಮನೆ ಬಿಡುತ್ತಾಳೆ. ಪೆರೋನ ಇನ್ನೊಂದು ಕಥೆಯಲ್ಲಿ ಕತ್ತೆಯ ಚರ್ಮ ಹೊದ್ದು, ಜರ್ಮನಿಯ ಗ್ರಿಮ್ ಸಹೋದರರ ಕಥೆಯಲ್ಲಿ ನಾಡಿನ ಒಂದೊಂದು ಪ್ರಾಣಿಯಿಂದಲೂ ತುಂಡು ತುಪ್ಪಳ ತಂದು ಹೊಲಿಸಿದ ನಿಲುವಂಗಿ ತೊಟ್ಟು. ಇಷ್ಟೊಂದು ನಾಡುಗಳ ಅಜ್ಜಿಯರು ಮನೆಯೊಳಗಿನ ಈ ಭಯವನ್ನು ಮಕ್ಕಳೆದುರು ಹೇಳಿದ್ದಾರೆ. ನಾವು ಮಾತ್ರ ಚಪ್ಪಲಿಯ ಕಥೆಯನ್ನಷ್ಟೇ ಉಳಿಸಿಕೊಂಡೆವು.

ಕನ್ನಡದ ಹುಡುಗಿ ಇದೇ ಪಾಲಿಗೆ ಸೇರಿದವಳು. ಎ. ಕೆ. ರಾಮಾನುಜನ್ ಸಂಗ್ರಹಿಸಿ, 1982ರಲ್ಲಿ ಸಿಂಡ್ರೆಲಾ ಅಧ್ಯಯನಗಳ ಇಂಗ್ಲಿಷ್ ಸಂಪುಟವೊಂದರಲ್ಲಿ ಪ್ರಕಟಿಸಿದ ‘ಹಂಚಿ’ಯಲ್ಲಿ ಅವಳ ಚಿನ್ನದ ಕೂದಲು ಕಂಡು ಮನಸ್ಸು ಕೆಡಿಸಿಕೊಳ್ಳುವವನು ಒಡಹುಟ್ಟಿದ ಅಣ್ಣ. ತಾಯಿಗೆ ದಿಗಿಲು. ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಮಾಡಿಸಿ ಹಾಕಿ ಊರು ಬಿಡಿಸುತ್ತಾಳೆ. ಫ್ರಾನ್ಸಿನಲ್ಲಿ ಚರ್ಮ, ಜರ್ಮನಿಯಲ್ಲಿ ತುಪ್ಪಳ, ಇಲ್ಲಿ ಮಣ್ಣು! ಸಾಹುಕಾರರ ಮನೆಯಲ್ಲಿ ಕೆಲಸಕ್ಕೆ ಸೇರಿದ ಹಂಚಿ, ಯಾರೂ ಇಲ್ಲವೆಂದುಕೊಂಡು ಮುಖವಾಡ ತೆಗೆದು ಮೀಯುವಾಗ ಆ ಮನೆಯ ಮಗ ನೋಡುತ್ತಾನೆ. ಮದುವೆ ನಡೆಯುತ್ತದೆ. ಪೆರೋನ ಸಿಂಡ್ರೆಲಾ ಅಲ್ಲಿಗೆ ಮುಗಿಯುತ್ತದೆ. ಹಂಚಿಯ ಕಥೆ ಹೇಳಿದವರು ಅಲ್ಲಿ ನಿಲ್ಲಿಸಲಿಲ್ಲ: ಗುರು ಅನ್ನಿಸಿಕೊಂಡವನೊಬ್ಬ ಅವಳ ಮೇಲೆ ಕಣ್ಣು ಹಾಕುತ್ತಾನೆ, ಒಲಿಯದಿದ್ದಾಗ ಅಪವಾದ ಹೊರಿಸಿ ಮನೆಯಿಂದ ಹೊರಗೆ ಹಾಕಿಸುತ್ತಾನೆ, ಹಂಚಿ ತನ್ನ ಬದುಕನ್ನು ಇನ್ನೊಮ್ಮೆ ಗೆಲ್ಲಬೇಕಾಗುತ್ತದೆ.